ದಿನವಿಡೀ ನಿಂತು ದುಡಿಯುವವರಿಗೆ ಇನ್‌ಸೋಲ್: ಅಳತೆ, ಆಯ್ಕೆ, ಹೊಂದಿಸುವ ಬಗೆ

ಅಂಗಡಿಯಲ್ಲಿ ಇನ್‌ಸೋಲ್ (ಬೂಟಿನೊಳಗೆ ಅಂಗಾಲಿನಡಿ ಹಾಸುವ ಪದರ) ಕೈಗೆ ಬಂದರೆ ಹೆಚ್ಚಿನವರು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಬೆರಳು ಆಳಕ್ಕಿಳಿದರೆ ‘ಛಲೋ ಮೆತ್ತಗ ಐತಿ’ ಎಂದು ಕಟ್ಟಿಸಿಕೊಂಡು ಬರುತ್ತಾರೆ. ದಿನಕ್ಕೆ 8–10 ತಾಸು ನಿಲ್ಲುವವರು ಮೋಸಹೋಗುವುದು ಇಲ್ಲೇ. ಬೆರಳಿನ ಭಾರಕ್ಕೇ ತಳ ಮುಟ್ಟುವ ಸ್ಪಂಜು ಇಡೀ ಮೈಭಾರ ಬಿದ್ದಾಗ ಇದ್ದೂ ಇಲ್ಲದಂತಾಗುತ್ತದೆ. ಪಾದ ಅದರ ಮೇಲೆ ಅತ್ತಿತ್ತ ವಾಲುತ್ತದೆ, ವಾಲದಂತೆ ತಡೆಯಲು ಪಾದದ ಸಣ್ಣ ಸ್ನಾಯುಗಳು ದಿನವಿಡೀ ದುಡಿಯಬೇಕಾಗುತ್ತದೆ. ನಿಂತು ಕೆಲಸ ಮಾಡುವವರ ಇನ್‌ಸೋಲಿನಲ್ಲಿ ಮೂರು ಸಂಗತಿ ಇರಲೇಬೇಕು: ಹಿಮ್ಮಡಿಯನ್ನು ಸುತ್ತಲಿಂದ ಹಿಡಿಯುವ ಗುಣಿ, ಅಂಗಾಲಿನ ಕಮಾನಿನ ಕೆಳಗೆ ಕುಸಿಯದ ಆಧಾರ, ಅವೆರಡರ ಮೇಲೊಂದು ತೆಳ್ಳನೆಯ ಮೆತ್ತನೆ ಪದರ. ಮೆತ್ತನೆ ಪದರ ಮಾತ್ರ ಇದ್ದರೆ ಅರ್ಧ ಕೆಲಸವೂ ಆಗುವುದಿಲ್ಲ.

ಮೊದಲು ಬೂಟು ನೋಡಿ

ಸತ್ತ ಬೂಟಿಗೆ ಎಷ್ಟೇ ಒಳ್ಳೆಯ ಇನ್‌ಸೋಲ್ ಹಾಕಿದರೂ ದಂಡ. ಬೂಟಿನ ಹಿಂಗೋಡೆಯನ್ನು ಎರಡೂ ಬದಿಯಿಂದ ಬೆರಳಲ್ಲಿ ಒತ್ತಿ. ಅದು ಸುಲಭವಾಗಿ ಮಡಚಿಕೊಂಡರೆ ಹಿಮ್ಮಡಿ ಅಲ್ಲಿ ನಿಲ್ಲುವುದಿಲ್ಲ. ಬೂಟಿನ ಮುಂತುದಿ, ಹಿಂತುದಿ ಹಿಡಿದು ಬಾಗಿಸಿ. ಬೆರಳುಗಳ ಬುಡದಲ್ಲಿ ಬಾಗಬೇಕು, ನಡುವೆ ಬಾಗಬಾರದು. ಕೊನೆಗೆ ಬಟ್ಟೆ ಹಿಂಡಿದ ಹಾಗೆ ತಿರುಚಿ ನೋಡಿ. ಪೂರ್ತಿ ತಿರುಚಿಕೊಂಡರೆ ಹಣವನ್ನು ಇನ್‌ಸೋಲಿಗಲ್ಲ, ಬೂಟಿಗೇ ಹಾಕುವುದು ಲೇಸು. ಒಳಗಿನ ಮೂಲ ಸೋಲು, ಅಂದರೆ ಬೂಟಿನ ಜೊತೆಗೇ ಬಂದ ಇನ್‌ಸೋಲ್, ಬಿಚ್ಚಿ ಬರುತ್ತದೆಯೇ ಎಂಬುದನ್ನೂ ನೋಡಿ. ಬಂದರೆ ಹೊಸದಕ್ಕೆ ಜಾಗ ಸಿಗುತ್ತದೆ. ಅಂಟಿಸಿಬಿಟ್ಟಿದ್ದರೆ, ಬೆರಳುಗಳ ಬುಡದವರೆಗಷ್ಟೇ ಬರುವ ಮುಕ್ಕಾಲು ಉದ್ದದ ತೆಳು ಇನ್‌ಸೋಲ್ ಮಾತ್ರ ಹಿಡಿಸೀತು.

ನಮ್ಮ ಹುಬ್ಬಳ್ಳಿ ಕಡೆ ಖಾನಾವಳಿಯಲ್ಲಿ ಬಡಿಸುವವರು, ಕಿರಾಣಿ ಅಂಗಡಿಯವರು, ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದುಡಿಯುವವರು, ಬಹುಪಾಲು ಚಪ್ಪಲಿಯಲ್ಲೇ ಇರುತ್ತಾರೆ. ಹಿಂಪಟ್ಟಿಯಿಲ್ಲದ ಚಪ್ಪಲಿ ಜಾರದಿರಲೆಂದು ಕಾಲ್ಬೆರಳು ಪ್ರತಿ ಹೆಜ್ಜೆಗೂ ಬಿಗಿ ಹಿಡಿಯುತ್ತವೆ. ಸಂಜೆಯ ನೋವಿನಲ್ಲಿ ಅದರ ಪಾಲು ದೊಡ್ಡದು. ಚಪ್ಪಲಿಗೆ ಇನ್‌ಸೋಲ್ ಅಂಟಿಸುವ ಸಾಹಸ ಬೇಡ, ಅದು ಜಾರಿ ಬೀಳಿಸುತ್ತದೆ. ಬೂಟು ಒಗ್ಗದವರು ಹಿಂಪಟ್ಟಿ ಇರುವ, ತಳದಲ್ಲೇ ಗುಣಿ ಮತ್ತು ಕಮಾನು ಮೂಡಿಸಿದ ಸ್ಯಾಂಡಲ್ ಕೊಳ್ಳಲಿ.

ನಿಲ್ಲುವುದೋ, ನಡೆಯುವುದೋ?

ದುರ್ಗದಬೈಲಿನ ಬಟ್ಟೆ ಅಂಗಡಿಯ ಗಲ್ಲೆಯ ಹಿಂದೆ ನಿಲ್ಲುವವರ ಕಾಲಿಗೂ ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ ಸಾಮಾನು ಹೊರುವವರ ಕಾಲಿಗೂ ಬೇಡಿಕೆ ಬೇರೆ. ಅಲ್ಲಿನ ಉದ್ದನೆಯ ಪ್ಲಾಟ್‌ಫಾರ್ಮ್ 1,507 ಮೀಟರ್. ಒಮ್ಮೆ ಹೋಗಿಬಂದರೆ 3 ಕಿಲೋಮೀಟರ್ ಆಯಿತು. ಹೀಗೆ ನಡೆಯುವವರಿಗೆ ಪ್ರತಿ ಹೆಜ್ಜೆಯ ಪೆಟ್ಟು ಹಿಮ್ಮಡಿಗೆ ಬೀಳುತ್ತದೆ. ಹಿಂಭಾಗದಲ್ಲಿ ಪೆಟ್ಟು ತಡೆಯುವ ಪದರ, ಮುಂಭಾಗದಲ್ಲಿ ಸಲೀಸಾಗಿ ಬಾಗುವ ಗುಣ ಅವರಿಗೆ ಮುಖ್ಯ. ಫರಸಿಯ ಮೇಲೆ ನಿಂತಲ್ಲೇ ನಿಲ್ಲುವವರಿಗೆ ಭಾರ ಹಿಮ್ಮಡಿ ಮತ್ತು ಬೆರಳಬುಡ ಎರಡೇ ಕಡೆ ಗಂಟೆಗಟ್ಟಲೆ ಕೂತಿರುತ್ತದೆ. ಅದನ್ನು ಕಮಾನಿಗೂ ಹಂಚುವ, ಪೂರ್ತಿ ಅಂಗಾಲನ್ನು ಮುಟ್ಟುವ ಸ್ವಲ್ಪ ಗಟ್ಟಿ ಇನ್‌ಸೋಲ್ ಅವರದ್ದು.

ಇಲ್ಲೊಂದು ಮಾತು ಬಿಚ್ಚಿ ಹೇಳಬೇಕು. ಮೀನಖಂಡದ ಸ್ನಾಯು ಕುಗ್ಗಿ ಹಿಗ್ಗಿದಾಗ ಕಾಲಿನ ರಕ್ತ ಮೇಲಕ್ಕೇರುತ್ತದೆ. ಅಲುಗದೆ ನಿಂತರೆ ಅದು ಕೆಳಗೇ ಉಳಿದು ಬಾವು ಬರುತ್ತದೆ. ಈ ಬಾವನ್ನು ಯಾವ ಇನ್‌ಸೋಲೂ ಇಳಿಸುವುದಿಲ್ಲ. ಅರ್ಧ ತಾಸಿಗೊಮ್ಮೆ ಹಿಮ್ಮಡಿ ಎತ್ತಿ ತುದಿಗಾಲಲ್ಲಿ 10–15 ಸಲ ಏರಿಳಿಯುವುದು, 10–15 ಸೆಂ.ಮೀ. ಎತ್ತರದ ಮಣೆಯ ಮೇಲೆ ಒಂದೊಂದೇ ಕಾಲು ಬದಲಿಸಿ ಇಡುವುದು, ಇವೇ ಅದಕ್ಕೆ ಉಪಾಯ.

ಅಳತೆ: ಬೆರಳಿನ ತುದಿಯೊಂದೇ ಸಾಲದು

ಸಂಜೆ ಅಳೆಯಿರಿ, ಬೆಳಗಿನ ಪಾದಕ್ಕಿಂತ ಸಂಜೆಯ ಪಾದ ದೊಡ್ಡದು. ಗೋಡೆಗೆ ತಾಗಿಸಿ ಕಾಗದ ಹಾಸಿ, ಹಿಮ್ಮಡಿ ಗೋಡೆಗೆ ಮುಟ್ಟುವಂತೆ ಎರಡೂ ಕಾಲಿನ ಮೇಲೆ ಸಮಭಾರ ಹಾಕಿ ನಿಲ್ಲಿ. ಇನ್ನೊಬ್ಬರು ಪೆನ್ಸಿಲ್ ನೆಟ್ಟಗೆ ಹಿಡಿದು ಎರಡು ಗುರುತು ಹಾಕಲಿ. ಒಂದು, ಉದ್ದನೆಯ ಬೆರಳಿನ ತುದಿಗೆ. ಇನ್ನೊಂದು, ಹೆಬ್ಬೆರಳಿನ ಬುಡದಲ್ಲಿ ಒಳಬದಿಗೆ ಉಬ್ಬಿರುವ ಎಲುಬಿಗೆ. ಎರಡೂ ಪಾದ ಅಳೆಯಿರಿ, ದೊಡ್ಡದನ್ನು ಲೆಕ್ಕಕ್ಕೆ ಹಿಡಿಯಿರಿ.

ಎರಡನೆಯ ಗುರುತನ್ನು ಯಾರೂ ಹಾಕುವುದಿಲ್ಲ, ಅಸಲು ಅದೇ ಮುಖ್ಯ. ಬೆರಳು ಉದ್ದ ಇರುವವರು ತುದಿಯ ಅಳತೆಗೆ ದೊಡ್ಡ ನಂಬರಿನ ಇನ್‌ಸೋಲ್ ತಂದರೆ ಅದರ ಕಮಾನಿನ ಉಬ್ಬು ತಮ್ಮ ಕಮಾನಿಗಿಂತ ಮುಂದಕ್ಕೆ ಹೋಗಿ ಬೆರಳಬುಡದ ಹಿಂದೆ ಚುಚ್ಚುತ್ತದೆ. ಬೆರಳು ಗಿಡ್ಡ ಇರುವವರಿಗೆ ಉಬ್ಬು ಹಿಂದೆ ಬಂದು ಹಿಮ್ಮಡಿಯ ಮುಂದುಗಡೆ ಒತ್ತುತ್ತದೆ. ಹಾಗಾಗಿ ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದವರೆಗಿನ ಉದ್ದಕ್ಕೆ ಹೊಂದುವ ನಂಬರ್ ಆರಿಸಿ. ಮುಂದೆ ಉಳಿದದ್ದನ್ನು ಕತ್ತರಿಸಬಹುದು. ಕಮಾನನ್ನು ಸರಿಸಲು ಬರುವುದಿಲ್ಲ.

ಕಮಾನಿನ ಎತ್ತರ ತಿಳಿಯಲು ಅಂಗಾಲು ಒದ್ದೆ ಮಾಡಿ ಒಣ ಫರಸಿಯ ಮೇಲೆ ಹೆಜ್ಜೆ ಮೂಡಿಸಿ. ನಡುಭಾಗ ತುಂಬಿ ಬಂದರೆ ಚಪ್ಪಟೆ ಪಾದ, ಹಿಮ್ಮಡಿ ಮತ್ತು ಮುಂಭಾಗದ ನಡುವೆ ಬರೀ ಸಣ್ಣ ಪಟ್ಟಿ ಉಳಿದರೆ ಎತ್ತರದ ಕಮಾನು. ಚಪ್ಪಟೆ ಪಾದದವರು ಇನ್ನೊಂದು ಪರೀಕ್ಷೆ ಮಾಡಲಿ: ತುದಿಗಾಲಲ್ಲಿ ನಿಂತಾಗ ಕಮಾನು ಎದ್ದು ಕಾಣುತ್ತದೆಯೇ? ಕಂಡರೆ ಮಧ್ಯಮ ಗಟ್ಟಿಯ ಆಧಾರ ಒಗ್ಗುತ್ತದೆ. ಕಾಣದಿದ್ದರೆ ಆ ಪಾದ ಬಿಗಿಯಾಗಿದೆ, ಎತ್ತರದ ಆಧಾರ ತುರುಕಿದರೆ ನೋವೇ ಹೆಚ್ಚು. ಎಲುಬು ವೈದ್ಯರಿಗೆ ತೋರಿಸಿ. ಎತ್ತರದ ಕಮಾನಿನವರಿಗೆ ಗಟ್ಟಿ ಪ್ಲಾಸ್ಟಿಕ್ ತಳಕ್ಕಿಂತ ಅಂಗಾಲನ್ನು ತುಂಬಿಕೊಂಡು ಸ್ವಲ್ಪ ಮಣಿಯುವಂಥದ್ದು ಹಿತ.

ಅಂಗಡಿಯಲ್ಲಿ

ನಿತ್ಯ ಹಾಕುವ ಬೂಟು, ನಿತ್ಯದ ದಪ್ಪದ ಕಾಲುಚೀಲ ಎರಡನ್ನೂ ಒಯ್ಯಿರಿ.

ಸರಕಿನ ಗುಣ ಹೀಗಿದೆ. ಇವಿಎ ಫೋಮ್ ಹಗುರ, ಕತ್ತರಿಸಲು ಸುಲಭ, ಆದರೆ ಬೇಗ ಅದುಮಿಕೊಳ್ಳುತ್ತದೆ. ಪಿಯು (ಪಾಲಿಯುರೆಥೇನ್) ಫೋಮ್ ತುಸು ಭಾರ, ಹೆಚ್ಚು ಬಾಳುತ್ತದೆ. ಮೆಮೊರಿ ಫೋಮ್ ಕಾವಿಗೆ ಮೆದುವಾಗುವ ಜಾತಿ. ನಮ್ಮ ಏಪ್ರಿಲ್–ಮೇ ಬಿಸಿಲಲ್ಲಿ ಬೂಟಿನೊಳಗೆ ಇನ್ನಷ್ಟು ಕುಸಿಯುತ್ತದೆ, ಆಧಾರವೆಂದು ಅದನ್ನು ನಂಬಬೇಡಿ. ಜೆಲ್ ಹಿಮ್ಮಡಿಗೆ ಬೀಳುವ ಪೆಟ್ಟು ತಡೆಯುತ್ತದೆ, ಕಮಾನನ್ನು ಎತ್ತಿ ಹಿಡಿಯುವುದಿಲ್ಲ, ಬೆವರು ಹೀರುವುದಿಲ್ಲ. ಹಿಂಭಾಗದಿಂದ ಕಮಾನಿನವರೆಗೆ ತೆಳು ಪ್ಲಾಸ್ಟಿಕ್ ಅಥವಾ ಕಾರ್ಕಿನ ತಳ, ಮೇಲೆ 3–4 ಮಿ.ಮೀ. ಫೋಮ್ ಇರುವಂಥದ್ದು ನಿಂತು ದುಡಿಯುವವರಿಗೆ ಎಲ್ಲಕ್ಕಿಂತ ಹೊಂದುತ್ತದೆ.

ಇನ್‌ಸೋಲ್ ನೆಲದ ಮೇಲಿಟ್ಟು ಕಮಾನಿನ ಉಬ್ಬನ್ನು ಅಂಗೈ ಬುಡದಿಂದ ಜೋರಾಗಿ ಒತ್ತಿ. ತುಸು ಮಣಿದು, ಕೈ ತೆಗೆದ ಕೂಡಲೇ ಎದ್ದು ಬರಬೇಕು. ನೆಲ ಮುಟ್ಟಿದರೆ ಬೇಡ. ಹಿಮ್ಮಡಿಯ ಗುಣಿಗೆ ಅಂಚು ಎದ್ದಿರಬೇಕು, ಒಂದೂವರೆ ಸೆಂ.ಮೀ. ಆಸುಪಾಸು ಇದ್ದರೆ ಛಲೋ. ಹಿಮ್ಮಡಿಯ ಕೆಳಗೆ ದೇವರೇ ಕೊಟ್ಟ ಕೊಬ್ಬಿನ ದಿಂಬು ಇದೆ. ಆ ಅಂಚು ಅದನ್ನು ಬದಿಗೆ ಹರಡಲು ಬಿಡದೆ ಎಲುಬಿನ ಕೆಳಗೇ ಕೂಡಿಸಿ ಇಡುತ್ತದೆ. ನಂತರ ಬೂಟಿನಲ್ಲಿ ಹಾಕಿ ನಿಂತು ನೋಡಿ. ಕೂತು ನೋಡಿದರೆ ಏನೂ ತಿಳಿಯದು, ಕೂತಾಗ ಕಮಾನು ಎತ್ತರವಿರುತ್ತದೆ. ಕನಿಷ್ಠ 10 ನಿಮಿಷ ಅಂಗಡಿಯಲ್ಲೇ ನಿಂತು, ಓಡಾಡಿ.

ನೋವಿನ ಜಾಗಕ್ಕೆ ತಕ್ಕ ಆಯ್ಕೆಯೂ ಬೇಕು. ಬೆಳಗ್ಗೆ ಹಾಸಿಗೆಯಿಂದಿಳಿದ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚಿದರೆ ಅಂಗಾಲಿನ ಅಡಿಯ ನಾರಿನ ಪಟ್ಟಿ ಎಳೆದಿರುವ ಸಾಧ್ಯತೆ ಹೆಚ್ಚು. ಆಳ ಗುಣಿ ಮತ್ತು ಗಟ್ಟಿ ಕಮಾನು ಜೊತೆಗೂಡಿ ಬೇಕು, ಬರೀ ಹಿಮ್ಮಡಿ ಪ್ಯಾಡ್ ಸಾಲದು. ಬೆರಳಬುಡ ಉರಿದರೆ ಅಲ್ಲಿಗೆ ಸಣ್ಣ ಉಬ್ಬು ಪ್ಯಾಡ್ ಇರುವ ಇನ್‌ಸೋಲ್ ಸಿಗುತ್ತದೆ. ಆ ಉಬ್ಬು ನೋಯುವ ಜಾಗದ ಕೆಳಗಲ್ಲ, ಅದಕ್ಕಿಂತ ತುಸು ಹಿಂದೆ ಕೂರಬೇಕು. ಬೆರಳು ಜೋಮು ಹಿಡಿಯುತ್ತಿದ್ದರೆ ಮೊದಲ ಅನುಮಾನ ಬೂಟಿನ ಬಿಗಿತದ ಮೇಲೆ ಇರಲಿ.

ಎಲ್ಲರೂ ಅಚ್ಚು ತೆಗೆಸಿ ಮಾಡಿಸಬೇಕೆಂದಿಲ್ಲ. ಸಾಮಾನ್ಯ ಆಯಾಸಕ್ಕೂ ಹಿಮ್ಮಡಿ ನೋವಿಗೂ ಸರಿಯಾಗಿ ಆರಿಸಿದ ಸಿದ್ಧ ಇನ್‌ಸೋಲಿನಿಂದಲೇ ಶುರು ಮಾಡಿ. ದುಬಾರಿಯದ್ದನ್ನು ಮೊದಲೇ ಮಾಡಿಸಿ ಕೊರಗುವವರನ್ನು ಕಂಡರೆ ಮನಸ್ಸಿಗೆ ನೋವಾಗುತ್ತದೆ.

ಕತ್ತರಿಸುವುದು, ಒಗ್ಗಿಸುವುದು

ಬೂಟಿನ ಮೂಲ ಸೋಲನ್ನು ಬಿಚ್ಚಿ ತೆಗೆಯಿರಿ. ಅದರ ಮೇಲೇ ಹೊಸದನ್ನಿಡುವುದು ನಾವು ಕಾಣುವ ಮುಖ್ಯ ತಪ್ಪು: ಹಿಮ್ಮಡಿ ಮೇಲೇರಿ ಬೂಟು ಕಳಚುತ್ತದೆ, ಬೆರಳಿನ ಮೇಲ್ಭಾಗ ತಿಕ್ಕಿ ಆಣಿಯಾಗುತ್ತದೆ. ಹಳೆಯ ಸೋಲನ್ನು ಹೊಸದರ ಮೇಲೆ ಹಿಮ್ಮಡಿಗೆ ಹಿಮ್ಮಡಿ ಹೊಂದಿಸಿ, ಮುಂಭಾಗದಲ್ಲಿ ಮಾತ್ರ ಗೆರೆ ಎಳೆಯಿರಿ. ಗೆರೆಯ ಹೊರಗೆ 2–3 ಮಿ.ಮೀ. ಬಿಟ್ಟು ಕತ್ತರಿಸಿ, ಹಾಕಿ ನೋಡಿ, ಮುದುಡಿದರೆ ಮತ್ತೆ 1–2 ಮಿ.ಮೀ. ತೆಗೆಯಿರಿ. ಹಿಮ್ಮಡಿ ಕಡೆ ಕತ್ತರಿ ತಾಕಬಾರದು. ಹೆಚ್ಚು ಕತ್ತರಿಸಿದರೆ ಇನ್‌ಸೋಲ್ ಮುಂದಕ್ಕೆ ಜಾರುತ್ತದೆ, ಅದರೊಡನೆ ಕಮಾನೂ ಸರಿಯುತ್ತದೆ. ಹಾಕಿ ನಿಂತಾಗ ಉದ್ದನೆಯ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗ ಉಳಿಯಬೇಕು.

ಹುಬ್ಬಳ್ಳಿಯ ತಾರಿಹಾಳ, ಗೋಕುಲ ರಸ್ತೆ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ಸೇಫ್ಟಿ ಬೂಟು ಹಾಕುವವರು ಹೆಚ್ಚು ಎಚ್ಚರ ವಹಿಸಬೇಕು. ಮುಂದೆ ಉಕ್ಕಿನ ಟೊಪ್ಪಿ ಇರುವುದರಿಂದ ದಪ್ಪ ಇನ್‌ಸೋಲ್ ಹಾಕಿದರೆ ಬೆರಳು ಮೇಲೆ ತಾಗುತ್ತವೆ. ಮುಂಭಾಗ ತೆಳುವಾಗಿರುವುದನ್ನೇ ಆರಿಸಿ. ಸ್ಥಿರ ವಿದ್ಯುತ್ ತಡೆಯುವ ಬೂಟು ಕಡ್ಡಾಯವಿರುವ ಕಡೆ ಸುರಕ್ಷಾ ಅಧಿಕಾರಿಯನ್ನು ಕೇಳದೆ ಇನ್‌ಸೋಲ್ ಬದಲಿಸಬೇಡಿ.

ಮೊದಲ ದಿನವೇ ಇಡೀ ಪಾಳಿ ಹಾಕಿಕೊಂಡು ಹೋಗಬೇಡಿ. ಮೊದಲ ದಿನ 1–2 ತಾಸು, ಆಮೇಲೆ ದಿನಕ್ಕೊಂದು ತಾಸು ಹೆಚ್ಚಿಸಿ, 7–10 ದಿನದಲ್ಲಿ ಪೂರ್ತಿ ಪಾಳಿಗೆ ತನ್ನಿ. ಕಮಾನಿನ ಕೆಳಗೆ ಏನೋ ಇದ್ದಂತೆ ಅನಿಸುವುದು ಸಹಜ. ಚುಚ್ಚು ನೋವು, ಜೋಮು, ಹೊಸದಾಗಿ ಮೊಣಕಾಲು ಅಥವಾ ಸೊಂಟ ನೋವು ಬಂದರೆ ತೆಗೆದುಬಿಡಿ. ನೋವು ಒಂದೇ ಕಾಲಿನದ್ದಾದರೂ ಎರಡೂ ಬೂಟಿಗೆ ಹಾಕಿ, ಇಲ್ಲದಿದ್ದರೆ ಕಾಲುಗಳ ಎತ್ತರ ಏರುಪೇರಾಗುತ್ತದೆ.

ಸಕ್ಕರೆ ಕಾಯಿಲೆ ಇರುವವರು

ಅಂಗಾಲಿನ ಸ್ಪರ್ಶಜ್ಞಾನ ಕುಂದಿದ್ದರೆ ಇನ್‌ಸೋಲ್ ಒತ್ತಿದ್ದೂ ತಿಳಿಯುವುದಿಲ್ಲ, ಗುಳ್ಳೆ ಎದ್ದು ಹುಣ್ಣಾದ ಮೇಲೆಯೇ ಗೊತ್ತಾಗುತ್ತದೆ. ಇವರಿಗೆ ಗಟ್ಟಿ ಕಮಾನಿನ ಸಿದ್ಧ ಇನ್‌ಸೋಲ್ ಬೇಡವೇ ಬೇಡ. ವೈದ್ಯರಿಂದ ಪಾದ ಪರೀಕ್ಷೆ ಮಾಡಿಸಿ, ಅವರು ಹೇಳಿದ ಎಂಸಿಆರ್ ರಬ್ಬರಿನ (ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆ ರಬ್ಬರು) ಪಾದರಕ್ಷೆ ಇಲ್ಲವೇ ಅಚ್ಚು ತೆಗೆದ ಇನ್‌ಸೋಲ್ ಮಾಡಿಸಿ. ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳುವುದು ತಪ್ಪಬಾರದು. ಯಾರಿಗೇ ಆಗಲಿ, ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು ನೋಯುತ್ತಿದ್ದರೆ ಅದು ಬೂಟಿನ ವಿಷಯವಲ್ಲ, ತಡಮಾಡದೆ ಆಸ್ಪತ್ರೆಗೆ ಹೋಗಿ.

ಬಾಳಿಕೆ

ಕೆಲಸ ಮುಗಿದ ಮೇಲೆ ಇನ್‌ಸೋಲ್ ಹೊರತೆಗೆದು ನೆರಳಲ್ಲಿ ಗಾಳಿಗಿಡಿ. ಬಿಸಿಲಿಗೆ ಒಣಗಿಸಿದರೆ ಫೋಮ್ ಸೆಟೆಯುತ್ತದೆ, ಅಂಟು ಬಿಡುತ್ತದೆ. ಮಳೆಗಾಲದಲ್ಲಿ ಎರಡು ಜೊತೆ ಇಟ್ಟು ದಿನ ಬಿಟ್ಟು ದಿನ ಹಾಕುವುದು ಒಳ್ಳೆಯದು, ಒದ್ದೆ ಪದರ ಚರ್ಮ ಕೆರೆಯುತ್ತದೆ. ಕೊಳೆಯಾದರೆ ತುಸು ಸಾಬೂನು ನೀರಲ್ಲಿ ಒರೆಸಿ, ನೆನೆಹಾಕಬೇಡಿ.

ದಿನವೂ ನಿಲ್ಲುವವರ ಇವಿಎ ಇನ್‌ಸೋಲ್‌ಗೆ ಸುಮಾರು 6 ತಿಂಗಳು, ಪಿಯು ಇದ್ದರೆ ವರ್ಷದವರೆಗೂ ಆಯುಸ್ಸು. ಹಿಮ್ಮಡಿಯ ಜಾಗದಲ್ಲಿ ಅಂಚಿಗಿಂತ ತೆಳುವಾಗಿ ಉಳಿದುಬಿಟ್ಟಿದ್ದರೆ ಅಥವಾ ಕಮಾನಿನ ಉಬ್ಬಿನಲ್ಲಿ ಅಡ್ಡ ಬಿರುಕು ಕಂಡರೆ ಅವಧಿ ಕಾಯದೆ ಬದಲಿಸಿ. ಬದಲಿಸುವಾಗ ಬೂಟಿನ ಹೊರ ತಳವನ್ನೂ ತಿರುವಿ ನೋಡಿ: ಹಿಮ್ಮಡಿಯ ಒಂದೇ ಬದಿ ಸವೆದು ಬೂಟು ವಾಲಿದ್ದರೆ ಮೊದಲು ಅದಕ್ಕೆ ತಳ ಹಾಕಿಸಿ, ಆಮೇಲೆ ಹೊಸ ಇನ್‌ಸೋಲ್ ಕೂಡಿಸಿ.