ಕಾಶಿಕಣಗಿಲೆಯ ಕೋಶಕೃಷಿಯಲ್ಲಿ ವರ್ಣತಂತುಗಳನ್ನು ಇಮ್ಮಡಿಸುವ ಬಗೆ

ಮಂಡ್ಯದ ಹೊಲಗಳ ರಾಗಿ 36 ವರ್ಣತಂತುಗಳುಳ್ಳ ಚತುರ್ಗುಣಿತ ಸಸ್ಯ; ಅಂದರೆ ಅದರ ಕೋಶದಲ್ಲಿ ವರ್ಣತಂತುಗಳ ನಾಲ್ಕು ಗಣಗಳಿವೆ. ಪಕ್ಕದ ಗದ್ದೆಯ ಕಬ್ಬಿನಲ್ಲಿ ಆ ಸಂಖ್ಯೆ ನೂರನ್ನೂ ದಾಟುತ್ತದೆ. ನಿಸರ್ಗದಲ್ಲಿ ತಾನಾಗಿ ನಡೆದ, ಗಣಗಳನ್ನು ಹೆಚ್ಚಿಸುವ ಈ ಕೆಲಸವನ್ನು ಮೈಸೂರಿನ ಕಾಲೇಜೊಂದರ ಅಂಗಾಂಶಕೃಷಿ ಕೊಠಡಿಯಲ್ಲಿಯೂ ಮಾಡಿಸಬಹುದು. ಅಂಗಳದ ಕಾಶಿಕಣಗಿಲೆಯಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅದರ ವರ್ಣತಂತುಗಳು 16 ಮಾತ್ರ.

ಎಂಎಸ್ ಎಂಬ ಪೋಷಕ ಮಾಧ್ಯಮದಲ್ಲಿ ಬೆಳೆದ ಪುಡಿಪುಡಿ ಕ್ಯಾಲಸ್ಸನ್ನು (ರೂಪ ತಳೆಯದ ಕೋಶಮುದ್ದೆಯನ್ನು) ದ್ರವ ಮಾಧ್ಯಮಕ್ಕೆ ಸೇರಿಸಿ, ಶೇಕರಿನ ಮೇಲೆ ಕೋಶಗಳು ಚುರುಕಾಗಿ ವಿಭಜಿಸುವ ಹಂತಕ್ಕೆ ಕಾಯಬೇಕು. ಆಗ ಬೆರೆಸುವ ಕಾಲ್ಚಿಸಿನ್ ಎಂಬ ಸಸ್ಯವಿಷವು ಟ್ಯೂಬುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು, ವರ್ಣತಂತುಗಳನ್ನು ಎಳೆದು ಬೇರ್ಪಡಿಸುವ ಎಳೆಗಳ ಕದಿರನ್ನು ಕಟ್ಟಗೊಡದು. ವರ್ಣತಂತುಗಳು ಇಮ್ಮಡಿಯಾದರೂ ಎರಡು ಪಾಲಾಗದೆ ಒಂದೇ ಕೋಶದಲ್ಲಿ ಉಳಿಯುತ್ತವೆ. ವಿಭಜಿಸದ ಕೋಶದ ಮೇಲೆ ಈ ಉಪಾಯ ನಡೆಯದು. ಶೇಕಡ 0.05ರಿಂದ 0.2ರವರೆಗಿನ ಅದರ ದ್ರಾವಣವನ್ನು 0.22 ಮೈಕ್ರಾನ್ ಸೋಸುಕದಿಂದ ಶುದ್ಧೀಕರಿಸಿ, ಕೋಶಗಳನ್ನು ಅದರಲ್ಲಿ ಬೆಳಕು ತಾಗದಂತೆ 24ರಿಂದ 48 ಗಂಟೆ ಇರಿಸಿ, ಹೊಸ ಮಾಧ್ಯಮದಲ್ಲಿ ಮೂರು ಬಾರಿ ತೊಳೆಯಬೇಕು. ಬೇಲಿಯ ಅಗ್ನಿಶಿಖೆಯ ಗೆಡ್ಡೆಯಲ್ಲಿಯೂ ಇರುವ ಈ ವಿಷವನ್ನು ಕೈಗವಸಿಲ್ಲದೆ ಮುಟ್ಟಬಾರದು, ಸಿಂಕಿಗೆ ಸುರಿಯಲೂಬಾರದು. ಸಸ್ಯದ ಟ್ಯೂಬುಲಿನ್‌ಗೆ ಹೆಚ್ಚು ಬಿಗಿಯಾಗಿ ಅಂಟುವ ಒರೈಜಲಿನ್ ಎಂಬ ಕಳೆನಾಶಕ ಮೈಕ್ರೊಮೋಲಾರ್‌ನಷ್ಟು ಅತ್ಯಲ್ಪ ಪ್ರಮಾಣದಲ್ಲಿಯೇ ಸಾಕಾಗುವುದರಿಂದ ನನಗೆ ಅದೇ ಮೇಲು. ಆದರೆ ಅದನ್ನು ಕರಗಿಸುವ ಡಿಎಂಎಸ್‌ಒ ಎಂಬ ದ್ರಾವಕವನ್ನು ಮಾತ್ರ ಸೇರಿಸಿದ ಫ್ಲಾಸ್ಕೊಂದು ಹೋಲಿಕೆಗೆ ಇರಲೇಬೇಕು.

ನಿಜವಾದ ಶ್ರಮವಿರುವುದು ಆಮೇಲಿನ ಆಯ್ಕೆಯಲ್ಲಿ. ಬದುಕುಳಿದ ಕೋಶಗಳು ಮಿಶ್ರವಾಗಿರುವುದರಿಂದ ಅವುಗಳನ್ನು ತೆಳುವಾಗಿ ಹರಡಿ, ಪ್ರತ್ಯೇಕ ಕೋಶಗುಂಪುಗಳನ್ನು ಬೇರೆ ಬೇರೆ ಸಾಲುಗಳಾಗಿ (ಕೋಶವಂಶಗಳಾಗಿ) ಬೆಳೆಸಿ, ಕೋಶಗಳ ಡಿಎನ್‌ಎ ಪ್ರಮಾಣವನ್ನು ಅಳೆಯುವ ಫ್ಲೋ ಸೈಟೊಮೀಟರಿನಲ್ಲಿ ಪರೀಕ್ಷಿಸಬೇಕು. ಅದರ ನಕ್ಷೆಯಲ್ಲಿ ಒಂದು ಗಣ ವರ್ಣತಂತುಗಳ ಡಿಎನ್‌ಎ ಪ್ರಮಾಣವೇ 1ಸಿ. 4ಸಿ ಶಿಖರ ಕಂಡೊಡನೆ ಹಿಗ್ಗುವಂತಿಲ್ಲ: ವಿಭಜನೆಗೆ ಅಣಿಯಾದ ಸಾಮಾನ್ಯ ದ್ವಿಗುಣಿತ ಕೋಶದಲ್ಲಿಯೂ ಡಿಎನ್‌ಎ ಅಷ್ಟೇ ಇರುತ್ತದೆ. 2ಸಿ ಶಿಖರ ಪೂರ್ತಿ ಮಾಯವಾಗಿ, 8ಸಿಯಲ್ಲಿ ಹೊಸದೊಂದು ಕಾಣಿಸಿಕೊಂಡರೆ ಮಾತ್ರ ಆ ಸಾಲನ್ನು ನಂಬಬಹುದು. ಕ್ಯಾಲಸ್ ತಾನಾಗಿಯೇ ಬಹುಗುಣಿತವಾಗುವುದೂ ಉಂಟು. ಆದ್ದರಿಂದ ಮೂಲ ಸಾಲನ್ನು ಮೊದಲೇ ಅಳೆದಿರಬೇಕು.

ಕಾಶಿಕಣಗಿಲೆಯ ಕ್ಯಾನ್ಸರ್ ಔಷಧಿ ವಿನ್‌ಬ್ಲಾಸ್ಟಿನ್‌ನ ಆಸೆಯಿಂದ ಹೊರಟವರು ಇಲ್ಲಿ ನಿರಾಶರಾಗುತ್ತಾರೆ. ಅದರ ತಯಾರಿಗೆ ಬೇಕಾದ ವಿಂಡೊಲಿನ್ ಎಂಬ ರಾಸಾಯನಿಕ ಎಲೆಯ ವಿಶೇಷ ಕೋಶಗಳಲ್ಲಿ ತಯಾರಾಗುತ್ತದೆಯೇ ಹೊರತು ತೇಲುವ ಕೋಶಗಳಲ್ಲಿ ಅಲ್ಲ. ಅಳೆಯಬೇಕಾದದ್ದು ಅಜ್ಮಲಿಸಿನ್ ಮತ್ತು ಕ್ಯಾಥರಾಂಥಿನ್ ಎಂಬ ಆಲ್ಕಲಾಯ್ಡ್‌ಗಳನ್ನು. ಅದನ್ನೂ ಒಣತೂಕದ ಗ್ರಾಮಿಗಲ್ಲ, ಲೀಟರಿಗೆ ಲೆಕ್ಕ ಹಾಕಬೇಕು. ಚತುರ್ಗುಣಿತ ಸಾಲು ಅನೇಕ ಬಾರಿ ನಿಧಾನವಾಗಿ ಬೆಳೆಯುವುದರಿಂದ, ಗ್ರಾಮಿನಲ್ಲಿ ಗಳಿಸಿದ್ದು ಲೀಟರಿನಲ್ಲಿ ಸೋರಿಹೋಗಬಹುದು. ಗೆದ್ದ ಸಾಲನ್ನೂ ಕೆಲವು ಉಪಕೃಷಿಗಳಿಗೊಮ್ಮೆ (ಹೊಸ ಮಾಧ್ಯಮಕ್ಕೆ ಕೆಲವು ಬಾರಿ ವರ್ಗಾಯಿಸಿದ ಮೇಲೆ) ಮತ್ತೆ ಸೈಟೊಮೀಟರಿಗೆ ಒಡ್ಡಬೇಕು; ಅಡಗಿ ಉಳಿದಿದ್ದ ದ್ವಿಗುಣಿತ ಕೋಶಗಳು ವೇಗವಾಗಿ ಬೆಳೆದು ಫ್ಲಾಸ್ಕನ್ನೇ ಆಕ್ರಮಿಸಿರುವ ಸಾಧ್ಯತೆ ಇರುತ್ತದೆ.