ವೆಬ್ ಪುಟದಾಗ < & " ಚಿಹ್ನೆ ಕೆಡದಂಗ ತೋರಿಸೋದು ಹೆಂಗ?

ಬ್ಯಾಡಗಿ ಮೆಣಸಿನಕಾಯಿ ಮಾರೋ ಅಂಗಡಿಯವ್ರಿಗೆ ಒಂದು ವೆಬ್‌ಸೈಟ್ ಮಾಡಿಕೊಟ್ಟೀರಿ ಅನ್ಕೊಳ್ರಿ, ಅದರಾಗ ಗಿರಾಕಿ ಆರ್ಡರ್ ಬರಿಯಾಕ ಒಂದು ಬಾಕ್ಸ್ ಐತಿ. ಒಬ್ರು "ಡಬ್ಬಿ & ಕಡ್ಡಿ ಎರಡೂ ಬೇಕು, ರೇಟ್ < 400 ಇದ್ರ ಅಷ್ಟ" ಅಂತ ಬರೀತಾರ. ಡಬ್ಬಿ, ಕಡ್ಡಿ ಅಂದ್ರ ಬ್ಯಾಡಗಿ ಮೆಣಸಿನಕಾಯಿದ ಎರಡು ನಮೂನಿ. ಇನ್ನೊಬ್ಬ ಅದ ಬಾಕ್ಸಿನ್ಯಾಗ ಸ್ಕ್ರಿಪ್ಟ್ ಟ್ಯಾಗ್, ಅಂದ್ರ ಇಲ್ಲಿಂದ ಕೋಡ್ ಶುರು ಅಂತ ಬ್ರೌಸರಿಗೆ ಹೇಳೋ ಗುರ್ತು, ಹಾಕಿ ಜಾವಾಸ್ಕ್ರಿಪ್ಟ್ ಕೋಡ್ ಬರದು ಕಳಸ್ತಾನ. ನೀವು ಬಂದಿದ್ದನ್ನ ಬಂದಂಗ ಪುಟಕ್ಕ ಹಾಕಿದ್ರ ಆ ಕೋಡ್ ಅಕ್ಷರ ಆಗಿ ಕಾಣಂಗಿಲ್ರಿ, ಪುಟ ತೆಗದವ್ರೆಲ್ಲರ ಬ್ರೌಸರ್‌ನ್ಯಾಗ ಓಡಾಕ ಹತ್ತತೈತಿ. 2005ರಾಗ ಮೈಸ್ಪೇಸ್‌ನ್ಯಾಗ (ಒಂದು ಸೋಶಿಯಲ್ ಸೈಟ್) ಸ್ಯಾಮಿ ವರ್ಮ್ ಅನ್ನೋ, ತಾನ ತಾನಾಗಿ ಹಬ್ಬೋ ಕೋಡ್ ಹಿಂಗ ಹರಡಿ ಒಂದು ದಿನ ತುಂಬೋದ್ರಾಗ 10 ಲಕ್ಷಕ್ಕೂ ಹೆಚ್ಚು ಪ್ರೊಫೈಲ್ ಮುಟ್ಟಿತ್ತು.

ಇದಕ್ಕ ಉಪಾಯ ಎನ್ಕೋಡಿಂಗ್, ಅಂದ್ರ ಚಿಹ್ನೆ ಬದ್ಲಿಗೆ ಅದರ ನಂಬರ್ ಬರಿಯೋದು. ಎಚ್‌ಟಿಎಂಎಲ್‌ಗೆ (ವೆಬ್ ಪುಟ ಬರಿಯೋ ಭಾಷೆ) ವಿಶೇಷ ಅರ್ಥ ಇರೋ ಚಿಹ್ನೆ ಐದ ಐದು, ಅವನ್ನ ಹಿಂಗ ಬದಲಿ ಮಾಡ್ರಿ: & ಇದ್ದಲ್ಲಿ &#38; ಮತ್ತ < ಇದ್ದಲ್ಲಿ &#60; ಮತ್ತ > ಇದ್ದಲ್ಲಿ &#62; ಡಬಲ್ ಕೋಟ್‌ಗೆ &#34; ಸಿಂಗಲ್ ಕೋಟ್‌ಗೆ &#39; ಅಷ್ಟ. ಬ್ರೌಸರ್ ಇವನ್ನ ತಿರುಗಿ ಚಿಹ್ನೆ ಮಾಡಿ ತೋರಸ್ತೈತಿ, ಟ್ಯಾಗ್ ಅಂತ ಮಾತ್ರ ತಿಳ್ಕೊಳಂಗಿಲ್ಲ. ಕೋಟ್ ಯಾಕಪಾ ಅಂದ್ರ, ಫಾರ್ಮಿನ್ಯಾಗ ಡಿ'ಸೋಜಾ ಅನ್ನೋ ಹೆಸರನ್ನ ಸಿಂಗಲ್ ಕೋಟ್ ನಡುವ ಇಟ್ರ ಡಿ ಆದಮ್ಯಾಲೆ ವ್ಯಾಲ್ಯೂ ಮುಗದಹೋಗತೈತಿ, ಉಳಿದಿದ್ದನ್ನ ಬ್ರೌಸರ್ ಹೊಸಾ ಆಟ್ರಿಬ್ಯೂಟ್ (ಟ್ಯಾಗಿನ ಇನ್ನೊಂದು ಗುಣ) ಅಂತ ಓದತೈತಿ.

ಕನ್ನಡದಾಗ ಕೆಲಸ ಮಾಡೋರಿಗೆ ಇಲ್ಲೊಂದು ಮೋಸ ಐತಿ ನೋಡ್ರಿ. <ಕಡ್ಡಿ> ಅಂತ ಬರದ್ರ ಎನ್ಕೋಡ್ ಮಾಡ್ದಿದ್ರೂ ಸರಿಯಾಗೇ ಕಾಣತೈತಿ, ಯಾಕಂದ್ರ < ಆದಮ್ಯಾಲೆ ಇಂಗ್ಲಿಷ್ ಅಕ್ಷರ ಬಂದ್ರ ಮಾತ್ರ ಬ್ರೌಸರ್ ಟ್ಯಾಗ್ ಶುರು ಮಾಡತೈತಿ. ಅದನ್ನ ನೋಡಿ ನಮ್ಮ ಪುಟ ಸೇಫ್ ಐತಿ ಅಂತ ಬಿಟ್ರ ಆತು ಕಥಿ, ಅದ </ಕಡ್ಡಿ> ಅಂತ ಬರೀರಿ, ಕಾಮೆಂಟ್ (ಪುಟದಾಗ ಕಾಣದ ಟಿಪ್ಪಣಿ) ಅಂತ ತಿಳದು ಪೂರಾ ನುಂಗತೈತಿ.

ಈಗ ಕ್ರಮ. ಮದ್ಲ & ಬದಲಿ ಮಾಡ್ರಿ, ಆಮ್ಯಾಲೆ ಉಳದದ್ದು. ಉಲ್ಟಾ ಮಾಡಿದ್ರ < ಹೋಗಿ &#60; ಆಗತೈತಿ, ಅದರ & ಮತ್ತ ಬದಲಾಗಿ &#38;#60; ಆಗತೈತಿ, ಓದೋರಿಗೆ ಪುಟದ ಮ್ಯಾಲೆ &#60; ಅಂತ ಕಸ ಕಾಣತೈತಿ. ಡಿಕೋಡ್ ಮಾಡುವಾಗ, ಅಂದ್ರ ನಂಬರನ್ನ ತಿರುಗಿ ಚಿಹ್ನೆ ಮಾಡುವಾಗ, & ಕಡೀಕ ಬರಬೇಕು.

ಆದ್ರ ಇದನ್ನೆಲ್ಲ ಸ್ವಂತ ಕೈಲೆ ಬರಿಯಾಕ ಹೋಗಬ್ಯಾಡ್ರಿ. ಪಿಎಚ್‌ಪಿಯಾಗ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಐತಿ, ಇದು 8.1ಕ್ಕಿಂತ ಹಿಂದಿನ ವರ್ಷನ್‌ನ್ಯಾಗ ಹೇಳದ ಹೊರ್ತು ಸಿಂಗಲ್ ಕೋಟ್ ಮುಟ್ಟೂದಿಲ್ಲ, ಹಳೇ ಸರ್ವರ್ ಇದ್ದವ್ರು ಇದನ್ನ ಚೆಕ್ ಮಾಡ್ಕೊಳ್ರಿ. ಪೈಥಾನ್‌ದಾಗ ಎಚ್‌ಟಿಎಂಎಲ್ ಮಾಡ್ಯೂಲಿನ ಎಸ್ಕೇಪ್ ಮತ್ತ ಅನ್‌ಎಸ್ಕೇಪ್. ಜಾವಾಸ್ಕ್ರಿಪ್ಟ್‌ದಾಗ ಇನ್ನರ್‌ಎಚ್‌ಟಿಎಂಎಲ್ ಬಿಟ್ಟು ಟೆಕ್ಸ್ಟ್‌ಕಂಟೆಂಟ್‌ಗೆ ಹಾಕ್ರಿ, ಅದು ಬಂದಿದ್ದನ್ನ ಬರೇ ಅಕ್ಷರ ಅಂತ ತಗೊಳತೈತಿ, ಎನ್ಕೋಡ್ ಮಾಡೋ ಗೋಜ ಇಲ್ಲ.

ಎಲ್ಲಿ ಮಾಡಬೇಕು ಅನ್ನೋದು ಎಲ್ಲಾಕಿಂತ ದೊಡ್ಡ ಮಾತು. ಡೇಟಾಬೇಸ್‌ನ್ಯಾಗ ಗಿರಾಕಿ ಬರದದ್ದು ಬರದಂಗ ಇರಲಿ, ಪುಟಕ್ಕ ಹೊರಗ ಬೀಳೋ ಹೊತ್ತಿನ್ಯಾಗ ಎನ್ಕೋಡ್ ಮಾಡ್ರಿ. ಒಳಗ ಇಡುವಾಗ್ಲೇ ಮಾಡಿಟ್ರ ನಾಳೆ ಅದ ಆರ್ಡರ್ ಎಸ್‌ಎಂಎಸ್‌ಗೋ ಎಕ್ಸೆಲ್‌ಗೋ ಹೋದಾಗ ಅಲ್ಲಿ "ಡಬ್ಬಿ &#38; ಕಡ್ಡಿ" ಅಂತ ಬರತೈತಿ, ಮ್ಯಾಲೆ ಪುಟದಾಗ ಇನ್ನೊಮ್ಮೆ ಎನ್ಕೋಡ್ ಆಗಿ ಡಬಲ್ ಆಗತೈತಿ.

ಭಾಳ ಮಂದಿ ಸ್ಪೆಷಲ್ ಕ್ಯಾರೆಕ್ಟರ್ ಅಂದಕೂಡ್ಲೆ ಕಿತ್ತಿ ಒಗಿಯೋ ಕೋಡ್ ಬರೀತಾರ, ಇದು ಕನ್ನಡಕ್ಕ ಮಾಡೋ ಅನ್ಯಾಯ ಅಂತ ನನ್ನ ಗಟ್ಟಿ ಅಭಿಪ್ರಾಯ. "ವೆಬ್‌ಸೈಟ್" ಶಬ್ದದಾಗ ಬ್ ಮತ್ತ ಸೈ ಒಂದಕ್ಕೊಂದು ಅಂಟದಂಗ ನಡುವ ಕಣ್ಣಿಗೆ ಕಾಣದ ಒಂದು ಕ್ಯಾರೆಕ್ಟರ್ ಐತಿ, ಅದರ ನಂಬರ್ 8204. ಅದನ್ನ ಕಿತ್ರ "ವೆಬ್ಸೈಟ್" ಆಗಿ ಒತ್ತಕ್ಷರ ಬೀಳತೈತಿ. "ರ‍್ಯಾಲಿ"ಯೊಳಗ 8205 ಐತಿ, ಅದು ಹೋದ್ರ "ರ್ಯಾಲಿ" ಆಗತೈತಿ. ಅದಕ್ಕ ಕಿತ್ತಬ್ಯಾಡ್ರಿ, ಎನ್ಕೋಡ್ ಮಾಡ್ರಿ. ಕನ್ನಡ ಅಕ್ಷರಗಳನ್ನ ಮಾತ್ರ ನಂಬರಿಗೆ ತಿರುವೋ ಜರೂರತ್ತಿಲ್ಲ, ಕ ಬರಿಯಾಕ &#3221; ಅಂದ್ರೂ ನಡಿತೈತಿ ಖರೆ, ಆದ್ರ ಪುಟ ಯುಟಿಎಫ್-8 (ಎಲ್ಲಾ ಭಾಷೆ ಅಕ್ಷರ ಇಡೋ ಪದ್ಧತಿ) ಅಂತ ಮೆಟಾ ಟ್ಯಾಗಿನ್ಯಾಗ ಮೊದಲ 1024 ಬೈಟ್ ಒಳಗ ಹೇಳಿದ್ರ ಸೀದಾ ಕ ಬರೀಬಹುದು.

ಲಿಂಕಿಗೆ ಬ್ಯಾರೆ ನಿಯಮ. ಅಲ್ಲಿ ಸ್ಪೇಸ್ %20 ಆಗತೈತಿ, & ಅನ್ನೋದು %26. ವಾಟ್ಸಾಪ್‌ನ್ಯಾಗ ಕನ್ನಡ ಲಿಂಕ್ ಪೇಸ್ಟ್ ಮಾಡಿದಾಗ ಉದ್ದಕ ಪರ್ಸೆಂಟ್ ಸಾಲು ಬರೋದು ಇದಕ್ಕ: ಹುಬ್ಬಳ್ಳಿ ಅನ್ನೋದ್ರಾಗ ಒತ್ತು ಗುಣಿತ ಸೇರಿ 9 ಕ್ಯಾರೆಕ್ಟರ್, ಒಂದೊಂದಕ್ಕ 3 ಬೈಟ್, ಒಂದು ಬೈಟಿಗೆ ಪರ್ಸೆಂಟ್ ಹಿಡದು 3 ಅಕ್ಷರ, ಒಟ್ಟು 81.

ಎಲ್ಲಾ ಮುಗದಮ್ಯಾಲೆ ಟೆಸ್ಟ್ ಮಾಡ್ರಿ. ಬಾಕ್ಸಿನ್ಯಾಗ ಐದೂ ಚಿಹ್ನೆ, ಜೊತಿಗೆ </ಕಡ್ಡಿ>, ವೆಬ್‌ಸೈಟ್, ರ‍್ಯಾಲಿ ಟೈಪ್ ಮಾಡಿ ಕಳಸ್ರಿ. ಪುಟದಾಗ ಟೈಪ್ ಮಾಡಿದ್ದ ಹಂಗ ಕಾಣಬೇಕು, ವ್ಯೂ ಸೋರ್ಸ್ (ಪುಟದ ಮೂಲ ಕೋಡ್) ತೆಗದ್ರ &#60; ಅಥವಾ ಅದರ ಹೆಸರಿನ ರೂಪ (#60 ಬದ್ಲಿಗೆ lt ಅಂತ ಬರಿಯೋದು) ಕಾಣಬೇಕು. ಸೋರ್ಸಿನ್ಯಾಗೂ ಬರೇ < ಇದ್ರ ಎನ್ಕೋಡ್ ಆಗಿಲ್ಲ ಅಂತ, ಪುಟದ ಮ್ಯಾಲೇನ &#60; ಕಂಡ್ರ ಎರಡು ಸಲ ಆಗೈತಿ ಅಂತ.