ಆಟಿಯ ಮಂಕಿಗೆ ಆರು ಟ್ಯೂಬ್‌ಲೈಟು: ನನ್ನ ಅನುಭವ

ಈ ಸಲದ ಜುಲೈಯಲ್ಲಿ ನಾನು ಒಂದು ದಿನವೂ ಕೆಲಸ ತಪ್ಪಿಸಲಿಲ್ಲ. ಹತ್ತು-ಹನ್ನೊಂದು ವರ್ಷದಲ್ಲಿ ಇದೇ ಮೊದಲು. ಪ್ರತಿ ಮಳೆಗಾಲ ಮಂಕಾಗುವ ಮನಸ್ಸಿಗೆ ಈಗ ದಿನಾ ಬೆಳಿಗ್ಗೆ ಪ್ರಖರ ದೀಪದೆದುರು ಕೂರುತ್ತೇನೆ. “ದೀಪದೆದುರು ಕೂತರೆ ಮನಸ್ಸು ಸರಿಯಾಗುತ್ತದಾ ಮಾರಾಯ?” ಎಂದು ಕೇಳಿದ ಡೊಂಬಿವ್ಲಿಯ ಭಾವನಿಗೂ ಆಫೀಸಿನ ಗೆಳೆಯರಿಗೂ ನನ್ನ ಉತ್ತರ ಇದು.

ಈ ಬೆಳಕಿನ ಚಿಕಿತ್ಸೆಗೆ ವಾಡಿಕೆಯ ಲೆಕ್ಕ ಹತ್ತು ಸಾವಿರ ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ), ಬೆಳಿಗ್ಗೆ ಅರ್ಧ ಗಂಟೆ. 1984ರಲ್ಲಿ ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು ವಿವರಿಸಿದ್ದು ಬಿಸಿಲು ಕಡಿಮೆಯಾದಾಗ ಬರುವ ಚಳಿಗಾಲದ ಮಂಕನ್ನು. ಮುಂಬಯಿಯ ಚಳಿಗಾಲದಲ್ಲಿ ಬಿಸಿಲಿಗೇನು ಬರ? ನನ್ನ ಕತ್ತಲು ಜೂನ್‌ನಿಂದ ಸೆಪ್ಟೆಂಬರ್. ಸಾಂತಾಕ್ರೂಜ್‌ನಲ್ಲಿ ನೆಲಮಹಡಿಯ ಮನೆ, ಮಳೆ ಹಿಡಿಯುವ ಮೊದಲೇ ಮೇಲೆಲ್ಲ ನೀಲಿ ತಾಡಪತ್ರಿ. ಮಟಮಟ ಮಧ್ಯಾಹ್ನ ಹಾಲ್‌ನಲ್ಲಿ ಮೀಟರು ತೋರಿಸುವುದು 60–70 ಲಕ್ಸ್. ಆಟಿ (ತುಳುವರ ಮಳೆಗಾಲದ ತಿಂಗಳು, ಜುಲೈ-ಆಗಸ್ಟ್) ಬಂತೆಂದರೆ ಹತ್ತು ಗಂಟೆ ಮಲಗಿದರೂ ನಿದ್ದೆ ತೀರದು, ಅನ್ನದ ಮೇಲೆ ಮಾತ್ರ ಆಸೆ, ಮಗಳ ಮಾತೂ ಭಾರ. ಊರಲ್ಲಿ ಅಮ್ಮ ಆಟಿ ಅಮಾವಾಸ್ಯೆಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿಸುತ್ತಿದ್ದರು. ಆ ಕಹಿ ಈಗಲೂ ಬೇಕೆನಿಸುತ್ತದೆ, ಆದರೆ ಈ ಮಂಕು ಅದಕ್ಕೆ ಜಗ್ಗಲಿಲ್ಲ.

ಮೊದಲು ದುಡ್ಡು ಕಳೆದದ್ದು ಹೊರದೇಶದ ದೀಪಕ್ಕೆ, ಸುಮಾರು ಒಂಬತ್ತು ಸಾವಿರ. ಪೆಟ್ಟಿಗೆಯ ಮೇಲೆ ಹತ್ತು ಸಾವಿರ ಲಕ್ಸ್ ಎಂದಿತ್ತು. ಸಾವಿರದಿನ್ನೂರು ಕೊಟ್ಟು ಲಕ್ಸ್ ಮೀಟರು ತಂದು ಕಣ್ಣಿನ ಹತ್ತಿರ ಹಿಡಿದರೆ 1,800! ಹತ್ತು ಸಾವಿರ ಸಿಗಬೇಕಾದರೆ ಮೂಗು ದೀಪಕ್ಕೆ ತಾಗಬೇಕು. ಫೋನಿನ ಆ್ಯಪನ್ನು ನಂಬಬೇಡಿ, ನನ್ನದು ಅರ್ಧಕ್ಕರ್ಧ ಸುಳ್ಳು ಹೇಳುತ್ತಿತ್ತು.

ಆಮೇಲೆ ಮುಂಬಯಿಯ ವಿದ್ಯುತ್ ಸಾಮಾನಿನ ಪೇಟೆ ಲೋಹಾರ್ ಚಾಳ್‌ಗೆ ಹೋದೆ. ಇಪ್ಪತ್ತು ವ್ಯಾಟಿನ ಬಿಳಿ ಎಲ್ಇಡಿ ಬ್ಯಾಟನ್ (ಟ್ಯೂಬ್‌ಲೈಟು) ಆರು, ಪ್ಲೈವುಡ್ ಹಲಗೆ, ವೈರು, ಸ್ವಿಚ್ಚು ಸೇರಿ ಎರಡು ಸಾವಿರದ ಆಸುಪಾಸು. ಮೊದಲ ಸೆಟ್ ಅಗ್ಗದ್ದು; ಮೂರೇ ದಿನಕ್ಕೆ ತಲೆನೋವು. ಫೋನಿನ ಕ್ಯಾಮೆರಾ ಹಿಡಿದಾಗ ಪರದೆಯ ಮೇಲೆ ಕಪ್ಪು ಪಟ್ಟಿಗಳು ಓಡಿದವು. ಬೆಳಕು ಮಿಣುಕುತ್ತಿತ್ತು! ಆರನ್ನೂ ಬದಲಿಸಿದೆ, ಹದಿನೈದು ನೂರು ಮತ್ತೆ ಹೋಯಿತು. ಈಗ ಮುಖದಿಂದ ಒಂದೂಕಾಲು ಅಡಿ ದೂರದಲ್ಲಿ ಒಂಬತ್ತು ಸಾವಿರದ ಹತ್ತಿರ ಬರುತ್ತದೆ. ಕಣ್ಣು ಕುಕ್ಕದಂತೆ ಮುಂದೆ ಏನು ಹಾಕಿದ್ದೇನೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ, ಅದಕ್ಕೆ ಎರಡು ಮಳೆಗಾಲ ತಗುಲಿವೆ.

ದೊಡ್ಡ ತಪ್ಪು ಹೊತ್ತಿನದ್ದು. ಮೊದಲ ವರ್ಷ ಕೆಲಸ ಮುಗಿಸಿ ರಾತ್ರಿ ಒಂಬತ್ತಕ್ಕೆ ಕೂರುತ್ತಿದ್ದೆ. ನಡುರಾತ್ರಿ ಎರಡರವರೆಗೆ ನಿದ್ದೆಯಿಲ್ಲ, ಬೆಳಿಗ್ಗೆ ಇನ್ನಷ್ಟು ಜಡ. ಈಗ ಆರೂಕಾಲಕ್ಕೆ, ಚಹಾ ಮತ್ತು ಪೇಪರಿನ ಜೊತೆ. ದೀಪ ದಿಟ್ಟಿಸುವುದಿಲ್ಲ, ಓರೆಯಲ್ಲಿಟ್ಟು ಓದುತ್ತೇನೆ. ಐದಾರು ದಿನಕ್ಕೆ ಬದಲಾವಣೆ ಮೊದಲು ಗಮನಿಸಿದವಳು ಹೆಂಡತಿ: “ಇವತ್ತು ನೀವೇ ಮಾತು ಶುರು ಮಾಡಿದಿರಿ.”

ನಡುವೆ ಮೀಟರು ಹಿಡಿದು ಟೆರೇಸ್ ಹತ್ತಿದೆ. ಜಡಿಮಳೆಯ ಬೆಳಿಗ್ಗೆ ಎಂಟಕ್ಕೆ, ಕಪ್ಪು ಕೊಡೆ ಓರೆ ಮಾಡಿ ಹಿಡಿದಾಗಲೂ ಐದಾರು ಸಾವಿರ ಲಕ್ಸ್! ಅದೇ ಹೊತ್ತಿಗೆ ಕಿಟಕಿಯ ಗ್ರಿಲ್ಲಿನ ಒಳಗೆ ನಾಲ್ಕು ನೂರು. ಅಂದಿನಿಂದ ಭಾನುವಾರ ದೀಪಕ್ಕೆ ರಜೆ, ಪಾರದರ್ಶಕ ಕೊಡೆ ಹಿಡಿದು ಜುಹು ದಂಡೆಯಲ್ಲಿ ಒಂದು ಗಂಟೆ ನಡಿಗೆ. ಹಾಲ್‌ನ ಹಸಿರು ಗೋಡೆಗೆ ಬಿಳಿ ಬಳಿಸಿದ್ದೂ ಒಂದು ಪ್ರಯೋಗ. ಏಳು ಸಾವಿರ ಖರ್ಚು, ಲಾಭ ನೂರು ಲಕ್ಸೂ ಇಲ್ಲ.

ಡಾಕ್ಟರು ಕೊಟ್ಟ ಮಾತ್ರೆ ನಾನು ಬಿಟ್ಟಿಲ್ಲ, ಹಲಗೆ ಕಟ್ಟುವ ಮೊದಲು ಅವರಿಗೂ ಕಣ್ಣಿನ ಡಾಕ್ಟರಿಗೂ ಹೇಳಿದ್ದೆ. ಮನಸ್ಸು ಒಮ್ಮೆ ಕುಗ್ಗಿ ಒಮ್ಮೆ ವಿಪರೀತ ಉಬ್ಬುವ ಕಾಯಿಲೆ (ಬೈಪೋಲಾರ್) ಇದ್ದವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಲೇಬೇಡಿ, ಬೆಳಕು ಆ ಉಬ್ಬರವನ್ನು ಕೆರಳಿಸಬಲ್ಲದು.

ಆಗಸ್ಟಿನಲ್ಲಿ ಭಾವನೇ ಫೋನ್ ಮಾಡಿದ, ಅಕ್ಕನಿಗೂ ಮಳೆಗಾಲದಲ್ಲಿ ಹೀಗೇ ಆಗುತ್ತದಂತೆ. ಅಕ್ಕ ತನ್ನ ಡಾಕ್ಟರನ್ನು ಕೇಳಿ ಒಪ್ಪಿಗೆ ತಂದಳು. ನಾಲ್ಕು ಬ್ಯಾಟನ್‌ನ ಸಣ್ಣ ಹಲಗೆ ಕಟ್ಟಿ ಲೋಕಲ್ ರೈಲಿನಲ್ಲಿ ಹೊತ್ತುಕೊಂಡು ಹೋಗಿ, ಅವರ ಅಡುಗೆಮನೆಯ ಮೇಜಿನ ಬದಿಗೆ ಮೊಳೆ ಹೊಡೆದು ಕೂರಿಸಿ ಬಂದೆ.